ಹಗಲು ಹಲಗೆ ಎಲ್ಲಿರುತ್ತದೆ?

ಚನ್ನಗಿರಿಯ ಹಳೆ ಪೇಟೆಯಲ್ಲಿ ಬೆಳಗ್ಗೆ ನಿಂತರೆ ಅಂಗಡಿ ತೆರೆಯುವ ಸದ್ದು ಎರಡು ಬಗೆಯಲ್ಲಿ ಕೇಳಿಸುತ್ತದೆ. ಒಂದು ಶಟರಿನದು. ‘ಘರ್ರ್’ ಎಂದು ಒಂದೇ ಉಸಿರಿಗೆ ಮೇಲೇರಿ ಮುಗಿಯುತ್ತದೆ. ಇನ್ನೊಂದು ನಿಧಾನದ್ದು. ಮರಕ್ಕೆ ಮರ ಉಜ್ಜುವ ಕಿರುಗುಟ್ಟು, ಒಂದು ‘ಟಕ್’, ಸ್ವಲ್ಪ ಹೊತ್ತು ಬಿಟ್ಟು ಗೋಡೆಗೆ ತಾಗಿದ ‘ಧಪ್’. ಮತ್ತೆ ಕಿರುಗುಟ್ಟು, ಮತ್ತೆ ಧಪ್. ನಾನು ಎಣಿಸಿದೆ, ಹನ್ನೊಂದು ಸಲ ಆಯಿತು. ಹನ್ನೊಂದನೆಯ ಹಲಗೆ ಗೋಡೆಗೆ ಒರಗಿದಾಗ ಒಂದು ಕಿರಾಣಿ ಅಂಗಡಿ ಪೂರ್ತಿಯಾಗಿ ಬಾಯಿ ತೆರೆದಿತ್ತು. ಒಳಗಿಂದ ಬೆಲ್ಲ, ಸೀಮೆಎಣ್ಣೆ, ಊದುಬತ್ತಿ ಎಲ್ಲವೂ ಕಲೆತ ವಾಸನೆ ರಸ್ತೆಗೆ ಬಂತು.

ಹಲಗೆ ಬಾಗಿಲಿನ ಅಂಗಡಿಯನ್ನು ಈಗಿನ ಮಕ್ಕಳು ಹೆಚ್ಚಾಗಿ ನೋಡಿರಲಿಕ್ಕಿಲ್ಲ. ಅಜ್ಜ ಅಜ್ಜಿಯರನ್ನು ಕೇಳಿ, ಅವರಿಗೆ ಖಂಡಿತ ಗೊತ್ತು. ಈ ಬಾಗಿಲಿಗೆ ತಿರುಗಣಿಯೂ ಇಲ್ಲ, ಬಿಜಾಗರಿಯೂ ಇಲ್ಲ. ಆಳುದ್ದಕ್ಕಿಂತ ಎತ್ತರದ, ಗೇಣಗಲದ ಹಲಗೆಗಳು ಸಾಲಾಗಿ ನಿಂತರೆ ಅದೇ ಬಾಗಿಲು. ಹೊಸ್ತಿಲಿನ ಉದ್ದಕ್ಕೂ ಬೆರಳಗಲದ ಒಂದು ಸೀಳು ಕೊರೆದಿರುತ್ತಾರೆ. ಮೇಲಿನ ತೊಲೆಯಲ್ಲೂ ಅಂಥದೇ ಸೀಳು, ಆದರೆ ಅದು ಕೆಳಗಿನದಕ್ಕಿಂತ ಆಳ. ಹಲಗೆಯ ತಲೆಯನ್ನು ಮೊದಲು ಮೇಲಿನ ಸೀಳಿಗೆ ಪೂರ್ತಿ ಏರಿಸಬೇಕು. ಆಗ ಬುಡ ಹೊಸ್ತಿಲಿಗಿಂತ ಮೇಲಕ್ಕೆ ಬರುತ್ತದೆ. ಬುಡವನ್ನು ಸೀಳಿನ ನೇರಕ್ಕೆ ತಂದು ಇಳಿಬಿಟ್ಟರೆ ಅದು ಕೆಳಗೆ ಕೂರುತ್ತದೆ, ತಲೆ ಮಾತ್ರ ಮೇಲಿನ ಸೀಳಿನೊಳಗೇ ಉಳಿಯುತ್ತದೆ. ಆಮೇಲೆ ಪಕ್ಕಕ್ಕೆ ಸರಿಸಿದರಾಯಿತು. ನಿಮ್ಮ ಮನೆಯ ಶೋಕೇಸಿಗೆ ಜಾರುವ ಗಾಜಿದ್ದರೆ ದೊಡ್ಡವರ ಕೈಲಿ ತೆಗೆಸಿ ನೋಡಿ. ಅದೂ ಇದೇ ಉಪಾಯ.

ಎಲ್ಲ ಹಲಗೆ ಕೂತ ಮೇಲೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ, ಅದಕ್ಕೊಂದು ಬೀಗ. ಪಟ್ಟಿ ತೆಗೆಯದೆ ಒಂದು ಹಲಗೆಯೂ ಅಲ್ಲಾಡುವುದಿಲ್ಲ.

ರಾತ್ರಿಯ ಕತೆ ಇಷ್ಟು. ನಾನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ದಾವಣಗೆರೆ ಜಿಲ್ಲೆಯ ನಾಲ್ಕು ಊರು ಸುತ್ತಿದ್ದು ಹಗಲಿನ ಕತೆ ನೋಡಲಿಕ್ಕೆ. ಮಾಮೂಲಿ ಬಾಗಿಲು ತೆರೆದಾಗಲೂ ತನ್ನ ಜಾಗದಲ್ಲೇ ನಿಂತಿರುತ್ತದೆ. ಶಟರ್ ಸುರುಳಿ ಸುತ್ತಿಕೊಂಡು ತಲೆಯ ಮೇಲೆ ಕೂರುತ್ತದೆ. ಹಲಗೆ ಬಾಗಿಲಿಗೆ ಆ ಸೌಕರ್ಯವಿಲ್ಲ. ತೆರೆದ ಕ್ಷಣದಿಂದ ಅದು ಹನ್ನೊಂದು ಬಿಡಿ ಮರದ ತುಂಡು. ಅವನ್ನು ಸಂಜೆಯವರೆಗೆ ಎಲ್ಲಿಡಬೇಕು?

ಚನ್ನಗಿರಿಯ ಆ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ, ಗೋಡೆಗೂ ಕಪಾಟಿಗೂ ನಡುವೆ, ಒಂದು ಕಿರಿದಾದ ಗೂಡು ಬಿಟ್ಟಿದ್ದಾರೆ. ಹಲಗೆಗಳು ಅಲ್ಲಿ ನಿಂತೇ ಇರುತ್ತವೆ. ಪ್ರತಿ ಹಲಗೆಯ ತಲೆಯಲ್ಲಿ ಉಳಿಯಿಂದ ಕೆತ್ತಿದ ಕನ್ನಡ ಅಂಕಿ ಇದೆ. “ನಂಬರು ನೋಡ್ತೀರಾ?” ಎಂದು ಕೇಳಿದ್ದಕ್ಕೆ ಅಂಗಡಿಯ ಹಿರಿಯರು ನಕ್ಕರು. “ನಂಬರು ಬಡಗಿ ಹಾಕಿದ್ದು. ನನಗೆ ಬೇಕಾಗಿಲ್ಲ, ಅವೇ ಸಾಲಾಗಿ ಬರ್ತಾವೆ.”

ಹೇಗೆ ಎಂದು ನೋಡಿ. ಸಂಜೆ ಮುಚ್ಚುವಾಗ ಒಂದು, ಎರಡು, ಮೂರು ಎಂದು ಹಾಕುತ್ತಾ ಹೋಗಿ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಬೆಳಗ್ಗೆ ಹನ್ನೊಂದರಿಂದ ಹಿಂದಕ್ಕೆ ತೆಗೆಯುತ್ತಾ ಬರುತ್ತಾರೆ. ಗೂಡಿಗೆ ಮೊದಲು ಹೋಗುವುದು ಹನ್ನೊಂದು, ಕೊನೆಗೆ ಹೋಗುವುದು ಒಂದು. ಆದ್ದರಿಂದ ಸಂಜೆ ಕೈಗೆ ಮೊದಲು ಸಿಗುವುದೂ ಒಂದೇ! ಮದುವೆ ಮನೆಯಲ್ಲಿ ಪೇರಿಸಿಟ್ಟ ತಟ್ಟೆಗಳ ಹಾಗೆ, ಕೊನೆಗೆ ಇಟ್ಟದ್ದು ಮೊದಲು ಬರುತ್ತದೆ. ಕಂಪ್ಯೂಟರ್ ಕಲಿಯುವ ಅಣ್ಣಂದಿರು ಅಕ್ಕಂದಿರು ಇದಕ್ಕೆ ‘ಸ್ಟ್ಯಾಕ್’ ಎನ್ನುತ್ತಾರೆ. ಈಗ ಒಂದು ಲೆಕ್ಕ. ಯಾರೋ ಗುಡಿಸಲಿಕ್ಕೆಂದು ಈ ಹಲಗೆಗಳನ್ನು ಒಂದೊಂದಾಗಿ ಎತ್ತಿ ಎದುರಿನ ಗೋಡೆಗೆ ಒರಗಿಸಿದರೆ ಸಂಜೆ ಏನಾಗುತ್ತದೆ? ನಿಮ್ಮ ನೋಟ್‌ಬುಕ್ಕುಗಳನ್ನೇ ಜೋಡಿಸಿ ಮಾಡಿ ನೋಡಿ. ಬಡಗಿ ಅಂಕಿ ಕೆತ್ತಿದ್ದು ಯಾಕೆಂದು ಆಗ ತಿಳಿಯುತ್ತದೆ.

ಚನ್ನಗಿರಿಗೆ ಬಂದವರು ಶಾಂತಿಸಾಗರ ನೋಡದೆ ಹೋಗುವುದುಂಟೆ? ಸೂಳೆಕೆರೆ ಎಂದು ಜನ ಕರೆಯುವ ಈ ಕೆರೆಯಿಂದ ಸಿದ್ಧನಾಲೆ, ಬಸವನಾಲೆ ಎಂಬ ಎರಡು ನಾಲೆಗಳು ಹೊರಡುತ್ತವೆ. ಏರಿಯ ಮೇಲೆ ನಿಂತರೆ ನೀರು ಸಣ್ಣಗೆ ಅಲೆ ಎದ್ದು ಕಲ್ಲಿಗೆ ಬಡಿಯುತ್ತದೆ, ಕೆರೆ ಎಂಬುದೇ ಮರೆತುಹೋಗುತ್ತದೆ. ಅಲ್ಲಿ ನಿಂತಾಗಲೇ ನನಗೆ ಹಾಯಿದೋಣಿಯ ನೆನಪಾದದ್ದು. ಅಂಗಡಿಯ ಹಲಗೆಗೂ ಸಮುದ್ರದ ಹಾಯಿದೋಣಿಗೂ ಏನು ಸಂಬಂಧ ಎನ್ನುತ್ತೀರೇನೋ. ಆ ದೋಣಿಯ ಬಾಗಿಲೂ ಹಲಗೆ ಬಾಗಿಲೇ.

ನಮ್ಮ ನೌಕಾಪಡೆಯ ಆರು ಮಂದಿ ಮಹಿಳೆಯರು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದದ್ದು ನೆನಪಿದೆಯೆ? 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ಹೊರಟು, 2018ರ ಮೇ ತಿಂಗಳಲ್ಲಿ ಗೋವಾಕ್ಕೇ ಮರಳಿದರು. ತಾರಿಣಿ ಕಟ್ಟಿದ್ದೂ ಗೋವಾದಲ್ಲೇ, ಉದ್ದ 56 ಅಡಿ. ಅದಕ್ಕಿಂತ ಚಿಕ್ಕವು, 25-30 ಅಡಿಯವು, ಲೋಕದ ಬಂದರುಗಳಲ್ಲಿ ಸಾವಿರಾರು ಇವೆ. ಅಂಥ ದೋಣಿಯ ಹೊಟ್ಟೆಯೊಳಗೆ ಮಲಗಲು, ಅಡುಗೆ ಮಾಡಲು ಒಂದು ಪುಟ್ಟ ಕೋಣೆ ಇರುತ್ತದೆ. ಅಟ್ಟ ಏರಲು ಏಣಿ ಇದ್ದಂತೆ ಆ ಕೋಣೆಗೆ ಇಳಿಯಲು ನಾಲ್ಕೈದು ಮೆಟ್ಟಿಲ ಏಣಿ. ಇಳಿಯುವ ಬಾಯನ್ನು ಮುಚ್ಚುವುದು ಎರಡೋ ಮೂರೋ ಹಲಗೆಗಳಿಂದ. ಅಂಗಡಿಯಲ್ಲಿ ಹಲಗೆ ನಿಂತಿರುತ್ತದೆ. ಇಲ್ಲಿ ಒಂದರ ಮೇಲೊಂದು ಅಡ್ಡ ಮಲಗಿರುತ್ತದೆ, ಎರಡು ಪಕ್ಕದ ಸೀಳುಗಳಲ್ಲಿ ಮೇಲಿನಿಂದ ಇಳಿದು ಕೂರುತ್ತದೆ.

ಸಮುದ್ರಕ್ಕೆ ಹೋಗುವ ದೋಣಿಗೆ ಒಳ್ಳೆಯ ಕದ ಇಡಬಾರದೇಕೆ? ಅಲೆಗೆ ಉಪ್ಪುನೀರಿನ ಭಾರವಿದೆ. ಒಂದು ದೊಡ್ಡ ಅಲೆ ಬಂದು ಕದಕ್ಕೆ ಗುದ್ದಿದರೆ ಬಿಜಾಗರಿ ತಡೆಯಬೇಕು. ಹಲಗೆಯಾದರೆ ಗುದ್ದು ಇಡೀ ಚೌಕಟ್ಟಿಗೆ ಹಂಚಿಹೋಗುತ್ತದೆ. ಇನ್ನೊಂದು ಲಾಭವೂ ಇದೆ. ಗಾಳಿ ಜೋರಾದಾಗ ಕೆಳಗಿನ ಹಲಗೆಯೊಂದನ್ನೇ ಹಾಕಿ ಮೇಲಿನವನ್ನು ತೆಗೆದಿಡಬಹುದು. ಆಗ ಅದು ಎತ್ತರದ ಹೊಸ್ತಿಲು. ನೀರು ಒಳಗೆ ನುಗ್ಗುವುದಿಲ್ಲ, ಜನ ದಾಟಿ ಓಡಾಡಬಹುದು. ಮಳೆನೀರು ಒಳಬರದಿರಲೆಂದು ನಮ್ಮ ಹಳ್ಳಿಮನೆಗಳ ಹೊಸ್ತಿಲನ್ನು ಎತ್ತರ ಮಾಡಿದವರಿಗೆ ಇದು ಹೊಸ ವಿದ್ಯೆಯೇನಲ್ಲ.

ದೋಣಿಯ ಬಡಗಿಗಳ ಜಾಣತನ ನನಗೆ ಹಿಡಿಸಿದ್ದು ಇನ್ನೊಂದು ಕಡೆ. ಎಷ್ಟೋ ದೋಣಿಗಳಲ್ಲಿ ಈ ಬಾಯಿ ಮೇಲೆ ಅಗಲ, ಕೆಳಗೆ ಕಿರಿದು. ಹಾಗಾಗಿ ಕೆಳಗಿನ ಹಲಗೆ ಗಿಡ್ಡ, ಮೇಲಿನದು ಉದ್ದ. ಮೇಲಿನದನ್ನು ಅವಸರದಲ್ಲಿ ಮೊದಲು ಹಾಕಲು ಹೋದರೆ ಅದು ಕೆಳಗಿಳಿಯುವುದೇ ಇಲ್ಲ, ನಡುವೆ ಸಿಕ್ಕಿಕೊಂಡು ‘ನನ್ನ ಸರದಿ ಬಂದಿಲ್ಲ’ ಎನ್ನುತ್ತದೆ! ಅಂಗಡಿಯ ಹಲಗೆಗೆ ಅಂಕಿ ಬೇಕು, ಈ ದೋಣಿಯ ಹಲಗೆಗೆ ಮೈಕಟ್ಟೇ ಅಂಕಿ. ಜೊತೆಗೆ ಎರಡು ಹಲಗೆ ಕೂಡುವ ಅಂಚನ್ನು ಹೊರಕ್ಕೆ ಇಳಿಜಾರಾಗಿ ಕತ್ತರಿಸುತ್ತಾರೆ, ಮೇಲೆ ಬಿದ್ದ ನೀರು ಸಂದಿಗೆ ಇಳಿಯದೆ ಹೊರಗೇ ಜಾರಲಿ ಎಂದು.

ತೆಗೆದ ಮೇಲೆ ಎಲ್ಲಿಡುವುದೆಂಬ ಕಷ್ಟ ಅಲ್ಲಿಯೂ ತಪ್ಪಿದ್ದಲ್ಲ. ಅಂಗಡಿಗಾದರೆ ಜಗಲಿ ಇದೆ, ಗೋಡೆ ಇದೆ. ಮೂವತ್ತು ಅಡಿಯ ದೋಣಿಯಲ್ಲಿ ಅಕ್ಕಿ ಡಬ್ಬಿಗೇ ಜಾಗ ಹುಡುಕಬೇಕು, ಮೇಲಾಗಿ ನೆಲವೇ ಓಲಾಡುತ್ತದೆ. ಗೋಡೆಗೆ ಒರಗಿಸಿದ್ದು ಮರುಗಳಿಗೆ ಕಾಲ ಮೇಲೆ ಬಿದ್ದಿರುತ್ತದೆ. ಕೆಲವರು ಹೊರಗಿನ ಕಟ್ಟೆಯ ಕೆಳಗಿರುವ ದೊಡ್ಡ ಪೆಟ್ಟಿಗೆಗೆ ಹಾಕುತ್ತಾರೆ. ಅದರ ಮೇಲೆ ಹಗ್ಗ, ಹಗ್ಗದ ಮೇಲೆ ಬಕೆಟ್ಟು, ಬಕೆಟ್ಟಿನ ಮೇಲೆ ಮಡಿಸಿದ ಹಾಯಿ. ಮೋಡ ಕವಿದಾಗ ಹಲಗೆ ಬೇಕೆಂದರೆ ಪೆಟ್ಟಿಗೆಯನ್ನೇ ಬರಿದು ಮಾಡಬೇಕು. ಕೆಲವರು ಹಾಸಿಗೆಯ ಕೆಳಗೆ ಸೇರಿಸುತ್ತಾರೆ. ಮಲಗಿದವರನ್ನು ಎಬ್ಬಿಸದೆ ಅದು ಹೊರಗೆ ಬರುವುದಿಲ್ಲ. ಬಲ್ಲವರು ಇಳಿಯುವ ಏಣಿಯ ಹಿಂದೆಯೇ ಒಂದು ತೆಳ್ಳನೆಯ ಗೂಡು ಮಾಡಿಕೊಳ್ಳುತ್ತಾರೆ, ಇಲ್ಲವೇ ದಪ್ಪ ಬಟ್ಟೆಯ ಚೀಲ ಹೊಲಿದು ಒಳಗೋಡೆಗೆ ತೂಗುಹಾಕುತ್ತಾರೆ. ಹಲಗೆಗೆ ಹಲಗೆ ಉಜ್ಜಿ ಬಣ್ಣ ಹೋಗದಿರಲೆಂದು ಚೀಲದ ಒಳಗೂ ಬಟ್ಟೆಯ ಅಡ್ಡಗೋಡೆ. ಬಾಯಿಂದ ಒಂದು ಕೈಯಳತೆಯಲ್ಲಿ ಹಲಗೆ ಸಿಗಬೇಕು ಎಂಬುದು ಅವರ ಲೆಕ್ಕ. ಚನ್ನಗಿರಿಯ ಗಲ್ಲಾಪೆಟ್ಟಿಗೆಯ ಹಿಂದಿನ ಗೂಡೂ ಅಷ್ಟೇ ದೂರದಲ್ಲಿತ್ತು.

ಹೊನ್ನಾಳಿಗೆ ಹೋದದ್ದು ಮಳೆಗಾಲದಲ್ಲಿ. ತುಂಗಭದ್ರೆ ಕೆಂಪಾಗಿ ದಡ ತುಂಬಿ ಹರಿಯುತ್ತಿದ್ದಳು. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಬಂದ ಮೇಲೆ ಈ ಊರಿನ ಪಕ್ಕ ಹಾಯುತ್ತಾರೆ. ಮೇಲೆ ಗಾಜನೂರಿನ ಅಣೆಕಟ್ಟೆಯಿಂದಲೂ ಭದ್ರಾ ಜಲಾಶಯದಿಂದಲೂ ನೀರು ಬಿಟ್ಟರೆ ಹೊನ್ನಾಳಿಯ ತಗ್ಗಿನ ಕಡೆಯವರು ರಾತ್ರಿ ನಿದ್ದೆ ಮಾಡುವುದಿಲ್ಲ.

ಅಲ್ಲೊಂದು ಹಲಗೆ ಬಾಗಿಲಿನ ಅಂಗಡಿಯ ಮುಂದೆ ಹಲಗೆಗಳನ್ನು ಎರಡು ಕಲ್ಲುಗಳ ಮೇಲೆ ಅಡ್ಡ ಹಾಕಿ ಬೆಂಚು ಮಾಡಿದ್ದರು. ನಾನೂ ಕೂತೆ. ಕೂತಾಗ ಕೈಗೆ ಏನೋ ತಾಗಿತು. ಪ್ರತಿ ಹಲಗೆಯ ಬುಡದಲ್ಲಿ ಹೆಬ್ಬೆರಳಗಲದ ತೂತು, ಎಲ್ಲ ತೂತುಗಳಲ್ಲೂ ಹಾದುಹೋದ ಒಂದು ಹಗ್ಗ, ಹಗ್ಗದ ತುದಿ ಜಗಲಿಯ ಕಂಬಕ್ಕೆ.

“ಇದ್ಯಾಕೆ ಅಜ್ಜಾರೆ, ಹಲಗೆ ಓಡಿಹೋಗ್ತಾವಾ?” ಎಂದೆ.

“ಓಡಲಿಲ್ಲಪ್ಪ, ಈಜಿದ್ವು,” ಎಂದರು ಅಜ್ಜ. “ಒಂದ್ ವರ್ಷ ಹೊಳೆ ಬಂತು ನೋಡು. ಮನೆಮಂದಿಯೆಲ್ಲ ಅಕ್ಕಿ ಚೀಲ ಅಟ್ಟಕ್ಕೆ ಹಾಕೋದ್ರಾಗೆ ಇದ್ವಿ. ಹಲಗೆ ಇಲ್ಲೇ ಜಗಲಿ ಮ್ಯಾಲೆ ಇದ್ವು. ಯಾರ್ ನೋಡ್ತಾರೆ ಹಲಗೇನ? ತಿರುಗಿ ನೋಡೋದ್ರಾಗೆ ನಾಕು ತೇಲ್ಕೊಂಡು ಹೋಗಿದ್ವು. ನೀರು ಇಳೀತು. ಅಕ್ಕಿ ಉಳೀತು. ಅಂಗಡಿಗೆ ಬಾಗಿಲಿಲ್ಲ!”

ಹನ್ನೆರಡರಲ್ಲಿ ಎಂಟು ಹಲಗೆ ಇದ್ದರೂ ಅದು ಬಾಗಿಲಲ್ಲ. ಬಡಗಿ ಹೊಸ ನಾಲ್ಕನ್ನು ಮಾಡಿಕೊಡುವವರೆಗೆ ಅಜ್ಜ ಆ ಸಂದಿಗೆ ಗೋಣಿ ಕಟ್ಟಿ, ಹೊಸ್ತಿಲಿಗೆ ಅಡ್ಡಲಾಗಿ ಹಾಸಿಗೆ ಹಾಸಿ ಮಲಗಿದರಂತೆ. ಹೊಸ ಹಲಗೆಗಳು ಈಗಲೂ ಗುರುತು ಸಿಗುತ್ತವೆ. ಹಳೆಯವು ಕಪ್ಪಗೆ ಎಣ್ಣೆ ಕುಡಿದಂತಿವೆ, ಆ ನಾಲ್ಕು ಹಲಸಿನವು, ಇನ್ನೂ ಹಳದಿ ಛಾಯೆ ಬಿಟ್ಟಿಲ್ಲ. ಹಗ್ಗ ಬಂದದ್ದು ಆಮೇಲೆ.

ಈ ಹಗ್ಗವನ್ನು ನೋಡಿ ನಾನು ಸುಮ್ಮನೆ ಏಳಲಾಗಲಿಲ್ಲ. ಸಮುದ್ರದವರೂ ಇದೇ ಹಗ್ಗಕ್ಕೆ ಬಂದು ಮುಟ್ಟಿದ್ದಾರೆ, ತುಂಬಾ ದೊಡ್ಡ ಬೆಲೆ ತೆತ್ತು. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಬರುವ ಹಾಯಿದೋಣಿ ಸ್ಪರ್ಧೆಗೆ 303 ದೋಣಿಗಳು ಹೊರಟಿದ್ದವು. ನಡುವೆ ಭಾರಿ ಬಿರುಗಾಳಿ ಎದ್ದಿತು. 5 ದೋಣಿಗಳು ಮುಳುಗಿದವು, 24 ದೋಣಿಗಳನ್ನು ಜನ ಬಿಟ್ಟುಬಂದರು, ಸ್ಪರ್ಧೆಯಲ್ಲಿದ್ದ 15 ಮಂದಿ ತೀರಿಕೊಂಡರು. ಕಾರಣಗಳು ಹಲವು. ಆಮೇಲೆ ವಿಚಾರಣೆ ನಡೆಸಿದವರ ಕಣ್ಣಿಗೆ ಬಿದ್ದವುಗಳಲ್ಲಿ ಈ ಹಲಗೆಯೂ ಒಂದು. ಅಲೆಯ ಹೊಡೆತಕ್ಕೆ ದೋಣಿ ಮಗುಚಿದಾಗ ಕೆಲವು ದೋಣಿಗಳಲ್ಲಿ ಹಲಗೆಗಳು ಸೀಳಿನಿಂದ ಜಾರಿ ಬಿದ್ದುಹೋಗಿದ್ದವು. ಮೇಲಿನಿಂದ ಇಳಿಸುವ ಹಲಗೆ ತಲೆಕೆಳಗಾದರೆ ಹೊರಗೆ ಬೀಳದೆ ಏನು ಮಾಡೀತು? ದೋಣಿ ತಾನಾಗಿ ಮತ್ತೆ ನೆಟ್ಟಗಾದರೂ ಬಾಗಿಲಿರಲಿಲ್ಲ. ಮುಂದಿನ ಅಲೆ ನೇರ ಕೋಣೆಯೊಳಕ್ಕೆ.

ದೂರ ಸಮುದ್ರದ ಸ್ಪರ್ಧೆಗಳಿಗೆ ಈಗ ನಿಯಮವೇ ಇದೆ. ಹಲಗೆ ಸೀಳಿನಲ್ಲಿ ಕೂತಿರಲಿ, ತೆಗೆದಿಟ್ಟಿರಲಿ, ಸ್ಪರ್ಧೆ ಮುಗಿಯುವವರೆಗೆ ಅದನ್ನು ದೋಣಿಗೆ ಕಟ್ಟಿರಬೇಕು. ಹಾಕಿದ ಹಲಗೆ ಜಾರದಂತೆ ಭದ್ರವಾಗಿರಬೇಕು, ದೋಣಿ ಮಗುಚಿದರೂ ಒಳಗಿನವರು ಹೊರಬರಲು ದಾರಿ ಇರಬೇಕು. ತೆಗೆದಿಟ್ಟದ್ದಕ್ಕೂ ಹಗ್ಗ ಬೇಕು ಎಂಬ ಮಾತನ್ನು ಓದಿ ಹೇಳಿದಾಗ ಹೊನ್ನಾಳಿಯ ಅಜ್ಜ ತಲೆಯಾಡಿಸಿದರು. “ಬಾಗಿಲು ಹಾಕಿದ್ದಾಗ ಕಳ್ಳನ ಭಯ. ತೆಗೆದಿದ್ದಾಗ ಹೊಳೆ ಭಯ,” ಎಂದರು. ಹಗ್ಗ ಸಾಕಷ್ಟು ಉದ್ದ ಬಿಟ್ಟಿದ್ದೀರಲ್ಲ ಎಂದಾಗ ಎದ್ದು ಒಂದು ಹಲಗೆ ಹಾಕಿ ತೋರಿಸಿದರು. ಹಗ್ಗ ಗಿಡ್ಡವಾದರೆ ಹಲಗೆ ಸೀಳಿಗೆ ಮುಟ್ಟುವುದಿಲ್ಲ, ಉದ್ದವಾದರೆ ಗಿರಾಕಿ ಎಡವುತ್ತಾನೆ. ಅವರದು ಅಳತೆಯಾಗಿಯೇ ಇತ್ತು.

ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು, ಈಗ ತಾನೇ ಒಂದು ತಾಲ್ಲೂಕು. ಇಲ್ಲಿಂದ ಮಲೆನಾಡಿನ ಸೆರಗು ದೂರವಿಲ್ಲ. ನಾನು ಹೋದ ದಿನ ಜಿಟಿಜಿಟಿ ಮಳೆ. ಸಂಜೆ ಒಂದು ಅಂಗಡಿಯಲ್ಲಿ ಮಾಲೀಕರು ಒಂಬತ್ತು ಹಲಗೆ ಸಲೀಸಾಗಿ ಹಾಕಿ, ಹತ್ತನೆಯದಕ್ಕೆ ಅಂಗೈಯಿಂದ ಗುದ್ದುತ್ತಿದ್ದರು. ಅದು ಕೂರಲೊಲ್ಲದು.

ಮರಕ್ಕೆ ನೀರು ಕುಡಿಯುವ ಗುಣವಿದೆ. ಕುಡಿದರೆ ಉಬ್ಬುತ್ತದೆ. ಆದರೆ ಎಲ್ಲ ಕಡೆಗೂ ಸಮನಾಗಿ ಅಲ್ಲ. ಎಳೆಯ ಉದ್ದಕ್ಕೆ ಉಬ್ಬುವುದು ಇಲ್ಲವೆನ್ನುವಷ್ಟು ಕಡಿಮೆ. ಎಳೆಗೆ ಅಡ್ಡಲಾಗಿ, ಅಂದರೆ ಹಲಗೆಯ ಅಗಲಕ್ಕೆ ಮಾತ್ರ ಚೆನ್ನಾಗಿ ಉಬ್ಬುತ್ತದೆ. ಒಂದೊಂದು ಹಲಗೆ ಎರಡು ಮಿಲಿಮೀಟರ್ ಅಗಲವಾದರೆ ಹತ್ತು ಹಲಗೆಗೆ ಎರಡು ಸೆಂಟಿಮೀಟರ್. ಆ ಎರಡು ಸೆಂಟಿಮೀಟರಿನ ಭಾರವೆಲ್ಲ ಬೀಳುವುದು ಪಾಪ, ಕೊನೆಯ ಹಲಗೆಯ ಮೇಲೆ. ತೇಗ ಕಡಿಮೆ ಉಬ್ಬುವ ಮರ, ದೋಣಿಯವರು ಅದಕ್ಕೇ ಅದನ್ನು ಮೆಚ್ಚುವುದು. ಈಗ ಅವರಲ್ಲಿ ಹಲವರು ನೀರು ತಡೆಯುವ ಪ್ಲೈವುಡ್ಡಿನ ಹಲಗೆ ಮಾಡಿಸುತ್ತಾರೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆ ಉದ್ದಕ್ಕಿದ್ದರೆ ಮುಂದಿನದರ ಎಳೆ ಅಡ್ಡಕ್ಕೆ, ಒಂದು ಉಬ್ಬಲು ಹೊರಟರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ.

ಉಬ್ಬುವುದೇ ಬೇಕಾಗುವ ಜಾಗವೂ ಇದೆ. ಘಟ್ಟ ಇಳಿದು ಉಡುಪಿ, ದಕ್ಷಿಣ ಕನ್ನಡದ ಕಡೆ ಹೋದರೆ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿರುತ್ತಾರೆ. ಮಳೆ ನಿಂತ ಮೇಲೆ ಕಂಬಗಳ ಸೀಳಿಗೆ ಎರಡು ಸಾಲು ಹಲಗೆ ಇಳಿಸಿ, ನಡುವೆ ಮಣ್ಣು ತುಂಬಿ ನೀರು ನಿಲ್ಲಿಸುತ್ತಾರೆ. ಹಲಗೆ ನೀರು ಕುಡಿದು ಉಬ್ಬಿ ಸಂದಿ ಮುಚ್ಚಿದಷ್ಟೂ ರೈತರಿಗೆ ಸಂತೋಷ. ಮುಂದಿನ ಮಳೆಗಾಲಕ್ಕೆ ಮುಂಚೆ ಅವನ್ನೆಲ್ಲ ತೆಗೆಯಲೇಬೇಕು, ಇಲ್ಲದಿದ್ದರೆ ನೆರೆ ತೋಟಕ್ಕೆ ನುಗ್ಗುತ್ತದೆ. ಆಮೇಲೆ ತಿಂಗಳುಗಟ್ಟಲೆ ಅವು ಎಲ್ಲೋ ಬಿದ್ದಿರುತ್ತವೆ. ಗೆದ್ದಲು ತಿನ್ನುತ್ತದೆ, ಒಂದೆರಡು ಯಾರದೋ ಹಟ್ಟಿ ಸೇರುತ್ತವೆ. ಹೊಳೆಯೊಳಗೆ ಕೆಡದ ಹಲಗೆ ದಡದ ಮೇಲೆ ಕೆಡುತ್ತದೆ. ಕೆಲವು ಕಡೆ ಈಗ ಫೈಬರ್ ಹಲಗೆ ಬಂದಿವೆ.

ನ್ಯಾಮತಿಯ ಆ ಹತ್ತನೆಯ ಹಲಗೆ ಕಡೆಗೂ ಕೂತಿತು. ಬಾಗಿಲು ಅರ್ಧ ಮುಚ್ಚಿದಾಗ ಒಳಗಿನಿಂದ ಇನ್ನೊಂದು ಕಂಡೆ. ಹಲಗೆಗಳ ಒಳಮೈಯಲ್ಲಿ ಸೀಮೆಸುಣ್ಣದ ಲೆಕ್ಕ, ಉದ್ರಿ ಕೊಂಡವರ ಹೆಸರು, ಬಾಕಿ. ರಾತ್ರಿ ಬಾಗಿಲು ಹಾಕಿದ ಮೇಲೆ ಲೆಕ್ಕವೆಲ್ಲ ಸಾಲಾಗಿ ಮುಂದೆ ನಿಲ್ಲುತ್ತದೆ. ಹಗಲು? “ಮುಖ ಗೋಡೆ ಕಡೆ ಮಾಡಿ ಇಡ್ತೀನ್ರಿ. ಅವರ ಬಾಕಿ ಊರಿಗೆಲ್ಲ ಯಾಕೆ ಕಾಣಬೇಕು?” ಹಲಗೆ ಎಲ್ಲಿಡಬೇಕು ಎಂಬುದರ ಜೊತೆಗೆ ಯಾವ ಮೈ ಎತ್ತ ಇರಬೇಕು ಎಂಬುದನ್ನೂ ಯೋಚಿಸಿದವರು ಇವರೊಬ್ಬರೇ. ಹೆಸರುಗಳನ್ನು ನಾನೂ ಓದಲಿಲ್ಲ.

ಜಗಳೂರಿಗೆ ದಾವಣಗೆರೆಯ ಮೇಲೆ ಹೋಗಬೇಕು. ದಾರಿ ಸಾಗಿದಂತೆ ಅಡಿಕೆ ತೋಟ, ಗದ್ದೆ ಎಲ್ಲ ಹಿಂದುಳಿದು ಬಯಲು, ಕುರುಚಲು, ಮೆಕ್ಕೆಜೋಳದ ಹೊಲ. ಬರದ ಮಾತು ಬಂದಾಗಲೆಲ್ಲ ಜಗಳೂರಿನ ಹೆಸರು ಬರುತ್ತದೆ. ನಾಲ್ಕು ಕೊಂಬಿನ ಪುಟ್ಟ ಪ್ರಾಣಿ ಕೊಂಡುಕುರಿಯನ್ನು ಕಾಪಾಡಲೆಂದು ಮಾಡಿದ ರಂಗಯ್ಯನದುರ್ಗ ವನ್ಯಧಾಮ ಈ ತಾಲ್ಲೂಕಿನಲ್ಲೇ ಇದೆ. ಅದನ್ನು ನೋಡಲು ಇನ್ನೊಮ್ಮೆ ಬರಬೇಕು.

ಇಲ್ಲಿಯ ಹಲಗೆಗಳ ಕಷ್ಟ ನ್ಯಾಮತಿಯದಕ್ಕೆ ತಿರುಗುಮುರುಗು. ಒಣಹವೆಗೆ ಮರ ಕುಗ್ಗಿ, ಹಲಗೆಗೂ ಹಲಗೆಗೂ ನಡುವೆ ಬೆಳಕಿನ ಗೆರೆ. ಮಧ್ಯಾಹ್ನ ಮುಚ್ಚಿದ ಅಂಗಡಿಯೊಂದರ ಒಳಗೆ ನಿಂತು ನೋಡಿದೆ. ಕತ್ತಲ ನೆಲದ ಮೇಲೆ ಸಾಲಾಗಿ ಬಿಸಿಲಿನ ಕಡ್ಡಿಗಳು, ಮಗ್ಗಿ ಪುಸ್ತಕದ ಗೆರೆಗಳ ಹಾಗೆ. ಹಲಗೆಯನ್ನು ಹೊರಗೆ ಬಿಸಿಲಿಗೆ ಒರಗಿಸಿದರಂತೂ ಕೆಟ್ಟಿತು. ಬಿಸಿಲು ಬಿದ್ದ ಮೈ ಬೇಗ ಒಣಗಿ ಕುಗ್ಗುತ್ತದೆ, ನೆರಳಿನ ಮೈ ಹಾಗೆಯೇ ಇರುತ್ತದೆ. ಹಲಗೆ ದೋಣಿಯ ಹಾಗೆ ಬಾಗುತ್ತದೆ. ಬಾಗಿದ ಹಲಗೆ ನೇರ ಸೀಳಿಗೆ ಇಳಿಯುವುದುಂಟೆ? ಇಲ್ಲಿಯವರು ಹಲಗೆಗಳನ್ನು ನೆರಳಲ್ಲೇ ಇಡುತ್ತಾರೆ. ಗೆದ್ದಲಿನ ಭಯಕ್ಕೆ ನೆಲಕ್ಕೆ ತಾಗಿಸದೆ ಕೆಳಗೆ ಎರಡು ಇಟ್ಟಿಗೆ.

ಪೇಟೆಯ ಕೊನೆಯಲ್ಲಿ ಒಬ್ಬ ದರ್ಜಿಯ ಅಂಗಡಿ. ಹಲಗೆ ಬಾಗಿಲೇ, ಆದರೆ ಗೋಡೆಗೆ ಒರಗಿದ ಹಲಗೆ ಒಂದೂ ಕಾಣಲಿಲ್ಲ, ಗೂಡೂ ಇಲ್ಲ, ಬೆಂಚೂ ಇಲ್ಲ. ಎಲ್ಲಿಟ್ಟಿದ್ದಾರೆ ಎಂದು ಕಣ್ಣಾಡಿಸುತ್ತಿರುವಾಗ ದರ್ಜಿ ಅಂಗಿಯ ಬಟ್ಟೆ ಹರಡಿ ಕತ್ತರಿ ಹಿಡಿದರು. ಆಗ ನೋಡಿದೆ. ಎರಡು ಕುದುರೆಕಾಲಿನ ಮೇಲೆ ಏಳು ಹಲಗೆಗಳನ್ನು ಒಂದಕ್ಕೊಂದು ಒತ್ತಾಗಿ ಜೋಡಿಸಿ, ಮೇಲೆ ಹಳೆ ಕಂಬಳಿ ಹಾಸಿದ್ದಾರೆ. ಅದೇ ಅವರ ಬಟ್ಟೆ ಕತ್ತರಿಸುವ, ಇಸ್ತ್ರಿ ಮಾಡುವ ಮೇಜು.

“ಸಂಜೆ ದಿಢೀರ್ ಮಳೆ ಬಂದ್ರೆ ಏನ್ಮಾಡ್ತೀರಿ?”

“ಜಗಳೂರಾಗೆ?” ಎಂದು ಅವರು ಕತ್ತರಿ ನಿಲ್ಲಿಸಿ ನಕ್ಕರು. “ಬಂದ್ರೆ ಬರ್ಲಿ ಬಿಡ್ರಿ, ಬಟ್ಟೆ ನೆನೆದ್ರೂ ಚಿಂತಿಲ್ಲ.”

ಶಟರ್ ಹಾಕಿಸುವ ಯೋಚನೆ ಇಲ್ಲವೇ ಎಂದು ಕೇಳಿದೆ. ಮಗ ಹೇಳುತ್ತಲೇ ಇದ್ದಾನಂತೆ. ದರ್ಜಿ ಕಂಬಳಿಯ ಅಂಚು ಎತ್ತಿ, ಸುಟ್ಟ ಇಸ್ತ್ರಿ ಗುರುತುಗಳಿದ್ದ ನಾಲ್ಕನೆಯ ಹಲಗೆಯನ್ನು ಅಂಗೈಯಿಂದ ಒರಸಿದರು.

“ಹಾಕಿಸಬಹುದು. ಆಮೇಲೆ ಮೇಜು ಬೇರೆ ಮಾಡಿಸಬೇಕಲ್ಲ!”